ಮುಂದಿನ ತಿರುವಿನ್ಯಾಗ ಒಬ್ಬ ಹತ್ತಾಂವ ಅದಾನ

ಗೌಸಸಾಬನ್ನ ಬೈಯಾಕ ನನ್ನ ಮುಂದ ಯಾರೂ ಬಾಯಿ ತಗೀಬ್ಯಾಡ್ರಿ. ಬೈಯೂದಿದ್ರ ನಾನ ಬೈತೇನಿ. ಆ ಹಕ್ಕು ನನಗೈತಿ, ಇಲ್ಲಾ ಊರಾಗ ಕುಂತಿರೋ ನನ್ನ ತಮ್ಮನ ಹೇಣ್ತಿಗೈತಿ. ಉಳದವರು ಸುಮ್ನ ಕೇಳ್ರಿ.

ನನ್ನ ಹೆಸರು ಹುಲಿಗೆಮ್ಮ. ಬಾದಾಮಿ ಕಡಿಯಾಕಿ. ಗೋವಾದ ಚಿಂಬಲ್‌ದಾಗ ಇದ್ದು ಇಪ್ಪತ್ತೆರಡು ವರ್ಷ ಆತು. ಮೊದಲ ಸ್ಲ್ಯಾಬ್ ಕೆಲಸಕ್ಕ ಬುಟ್ಟಿ ಹೊತ್ತೆ, ಈಗ ಮೂರು ಮನಿ ಕಸ ಮುಸರಿ ಮಾಡತೇನಿ. ಸಿಟ್ಟು ಮೂಗಿನ ತುದಿಯಾಗ ಅಂತ ಓಣಿ ಮಂದಿ ಅಂತಾರ. ಅನ್ನಲಿ, ಸಿಟ್ಟಿಲ್ಲದಾಕಿ ಇಲ್ಲಿ ಹೆಂಗ ಬಾಳೇ ಮಾಡ್ಯಾಳು?

ನನಗೊಬ್ಬ ತಮ್ಮ ಇದ್ದ, ಕಂಠೆಪ್ಪ. ಫೋಂಡಾದ ಆಚಿ ಒಂದು ಶೆಡ್ ಕಟ್ಟೋ ಕೆಲಸಕ್ಕಿದ್ದ, ಅಲ್ಲೇ ಮಲಗತಿದ್ದ, ತಿಂಗಳಿಗೊಮ್ಮೆ ನನ್ನ ಕಡೆ ಬರತಿದ್ದ. ಹನ್ನೊಂದು ವರ್ಷದ ಹಿಂದ ಎಳ್ಳ ಅಮಾಸಿ ಜನೇವರಿ ಒಂದಕ್ಕ ಬಿತ್ತು. ಊರಾಗ ಆದ್ರ ಹೊಲಕ್ಕ ಹೋಗಿ ಚರಗ ಚೆಲ್ಲತೇವಿ, ಭೂಮಿತಾಯಿ ಬಸರಿ ಅಂತ ಆಕಿಗೆ ಉಣಸೂದು. ಗೋವಾದಾಗ ನಮಗೆಲ್ಲಿ ಹೊಲ? ಶೆಡ್ಡಿನ ಬಾಜು ಯಾರದೋ ಮೆಣಸಿನಕಾಯಿ ಹೊಲ ಐತಿ, ಮಾಲಕ ಹೂಂ ಅಂದಾನ ಅಂತ ಕಂಠೆಪ್ಪ ಹೇಳಿದ್ದ. ಹಿಂದಿನ ರಾತ್ರಿ ಅಂವ ನನ್ನ ಕಡೆ ಬಂದ, ನಾನು ಖುಷಿಯಾಗಿ ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗಿ ಮಾಡಿ ಡಬ್ಬಿ ತುಂಬಿದೆ. ನನ್ನ ಹಳೇ ಇಳಕಲ್ ಸೀರಿ ಕೆಂಪು ಸೆರಗು ಹರದು ಗಂಟು ಕಟ್ಟಿದೆ. ಅದಕ್ಕ ಇಲಿ ಕಡದಿತ್ತು, ಹಳದಿ ದಾರದಿಂದ ಕೌದಿ ಹೊಲದಂಗ ಹೊಲದಿದ್ದೆ. "ಎಂಟಕ್ಕ ಡ್ಯೂಟಿ ಐತಿ, ಅದಕ್ಕ ಮೊದಲ ಚೆಲ್ಲಿ ಹೋಗು" ಅಂತ ನಸಿಕಿನ್ಯಾಗ ಎಬ್ಬಿಸಿದಾಕಿ ನಾನ. "ಅಕ್ಕಾ, ಇನ್ನೊಂದೀಟು ಮಲಕೋತೇನಿ" ಅಂದ. "ಏಳೋ ಕುಂಭಕರ್ಣ" ಅಂತ ಚಾದರ ಜಗ್ಗಿದೆ. ಮೊದಲನೇ ಬಸ್ಸು ಹತ್ತಿ ಹೋದ. ಕೆಲಸಕ್ಕೂ ಮುಟ್ಟಲಿಲ್ಲ, ಊರಿಗೂ ಮುಟ್ಟಲಿಲ್ಲ.

ನನಗ ಅದು ತಿಳದದ್ದು ಸಂಕ್ರಮಣ ದಾಟಿದ ಮ್ಯಾಲ. ಶೆಡ್ಡಿನ ಮುಕಾದಮ ಓಡಿ ಹೋಗ್ಯಾನ ಅಂದ. ಪೊಲೀಸರ ಕಡೆ ಹೋದ್ರ ಇಲ್ಲಿ ಅಲ್ಲ ಅಲ್ಲಿ, ಅಲ್ಲಿ ಅಲ್ಲ ಇಲ್ಲಿ. ಊರಾಗ ಅವನ ಹೇಣ್ತಿ ಗೀತಾಂಜಲಿ ಮುತ್ತೈದಿನೋ ರಂಡಮುಂಡಿನೋ ಆಕಿಗೇ ಗೊತ್ತಿಲ್ಲ. ಬಳಿ ಒಡೀಲಿಲ್ಲ, ಕುಂಕುಮ ಅಳಸಲಿಲ್ಲ. ದಿನಾ ಹೊಸ್ತಿಲದಾಗ ಒಂದು ತಂಬಿಗಿ ನೀರು ಇಡತಾಳ, ದೂರದಿಂದ ಬಂದಾಂವಗ ಕಾಲಿಗೆ ಬೇಕಾಗತೈತಿ ಅಂತ. ನಾನು ಬಂಗಾರ ಬೇಡಲಿಲ್ಲ, ಮನಿ ಬೇಡಲಿಲ್ಲ. ಹನ್ನೊಂದು ವರ್ಷ ಹುಲಿಗೆವ್ವಗ ಬೇಡಕೊಂಡದ್ದು ಒಂದ: ಕಾಯಬೇಕೋ ಬ್ಯಾಡೋ, ಅದೊಂದು ಹೇಳವ್ವಾ ತಾಯಿ.

ಈಗ ಈ ಜನೇವರಿ ಮಾತಿಗೆ ಬರತೇನಿ. ಡಿಸೆಂಬರ್ ಮೂವತ್ತೊಂದಕ್ಕ ನಮ್ಮ ಬಾಜು ಖೋಲಿಯ ಭೀಮಶಿ ಕಾಕಾ ತೀರಕೊಂಡ. ನಮ್ಮೂರಾಂವನ, ಗೌಂಡಿ ಕೆಲಸದಾಂವ. ಉಂಡು ಅಡ್ಡಾದಾಂವ ಏಳಲಿಲ್ಲ, ಪುಣ್ಯವಂತನ ಸಾವು. ಮಕ್ಕಳು ಊರಾಗ ಅದಾರ, "ಅಪ್ಪನ ಮಣ್ಣು ಇಲ್ಲೇ ಆಗಲಿ" ಅಂತ ಫೋನಿನ್ಯಾಗ ಅತ್ತರು. ಹೊಸ ವರ್ಷ ಅಂತ ಓಣಿ ಗಂಡಸರೆಲ್ಲಾ ಹೋಟೆಲ್ ಕೆಲಸಕ್ಕ ಹೋಗಿದ್ರು. ಹೆಣದ ಜೋಡಿ ಹೋಗಾವರು ಯಾರು? ನಾ ಹೋಗತೇನಿ ಅಂದೆ. ಯಾರೋ ದಾಬೋಲಿಮ್‌ನ ಹೆಣದ ಗಾಡಿ ಗೌಸಸಾಬನ ನಂಬರ್ ಕೊಟ್ರು. "ಬಿಜಾಪುರ, ಬಾಗಲಕೋಟಿ ಕಡೆ ಹೆಣ ಅಂದ್ರ ಅಂವ ಒಲ್ಲೆ ಅನ್ನಂಗಿಲ್ಲ" ಅಂದ್ರು. ಅಲ್ಲೀತನಕ ಅವನ ಮಾರಿ ನಾ ನೋಡಿದ್ದಿಲ್ಲ.

ನಸಿಕಿನ್ಯಾಗ ಐದಕ್ಕ ಬಂದ. ಐವತ್ತರ ಆಚೀಚಿನ ಮನಶಾ, ಬಡಕ ಮೈ, ಬಿಳೀ ಗಡ್ಡ. ಬಂದಾಂವ ಡಾಕ್ಟರ್ ಕಾಗದ ಕೇಳಲಿಲ್ಲ, ಬಾಡಗಿ ಮಾತಾಡಲಿಲ್ಲ. "ಹೆಸರೇನ್ರಿ ಇವರದು?" ಅಂದ. ಹೇಳಿದೆ. ಬಗ್ಗಿ ಹೆಣದ ಕಿವಿಯಾಗ, "ಭೀಮಶಿ ಕಾಕಾ, ಊರಿಗೆ ಹೊಂಟೇವಿ, ಗಾಬರಿ ಆಗಬ್ಯಾಡ್ರಿ" ಅಂದ. ಬರ್ಫದ ಗಡ್ಡಿ ನಡುವ ಮಲಗಿಸಿ, ಹಿಂದಿನ ಬಾಗಲಾ ಹಾಕಿ, ನನ್ನ ಮುಂದ ಕುಂಡ್ರಿಸಿಕೊಂಡ. ಕನ್ನಡಿಗೆ ಒಂದು ಮಾಸಿದ ಬಟ್ಟಿ ಗಂಟು ಹಾಕಿತ್ತು. ಕಂದು ಬಣ್ಣ, ಹೊಗಿ ಹಿಡದು ಹೊಲಸಾಗಿತ್ತು. ಯಾವುದೋ ದರ್ಗಾದ್ದು ಇರಬೇಕು ಅನಕೊಂಡೆ.

ಹೊಳಿ ಸೇತುವಿ ಬಂದಾಗ ಅಂವ ಹಿಂದ ತಿರುಗದ, "ಕಾಕಾ, ನೀರು ದಾಟಾಕತ್ತೇವ್ರಿ" ಅಂದ.

"ಯಾರಿಗೆ ಹೇಳಾಕತ್ತೀರಿ ಗೌಸಣ್ಣ? ಸತ್ತಾಂವಗ ಕಿವಿ ಕೇಳತಾವೇನು?"

"ದಾರಿ ಹೇಳಲಿಲ್ಲಂದ್ರ ಜೀವ ಹಿಂದ ಉಳೀತೈತಿ ಅಕ್ಕಾ. ದೇಹ ಒಂದು ಕಡೆ, ಜೀವ ಒಂದು ಕಡೆ ಆದ್ರ ಭಾಳ ತ್ರಾಸು."

"ಯಾವ ಪುಸ್ತಕದಾಗ ಐತಿ ಅದು?"

"ಪುಸ್ತಕದಾಗ ಇಲ್ಲ. ನಾ ಕಂಡೇನಿ" ಅಂದ.

ರಸ್ತೆ ಅಂದ್ರ ರಸ್ತೆ, ಒಂದು ನರಪಿಳ್ಳಿ ಇಲ್ಲ. ಗೋವಾ ಮಂದಿ ರಾತ್ರಿಯೆಲ್ಲಾ ಕುಣದು ಆಗಷ್ಟ ಮಲಗಿದ್ರು. ಮನಿ ಮನಿ ಮುಂದ ನಕ್ಷತ್ರದ ದೀಪ ಇನ್ನೂ ಹತ್ತಿಕೊಂಡ ಇದ್ದವು. ಡಿಸೆಂಬರ್ ಕಡೀ ದಿನ ಇಲ್ಲಿ ಹಳೇ ವರ್ಷದ್ದು ಅಂತ ಒಬ್ಬ ಮುದುಕನ ಬೊಂಬಿ ಮಾಡತಾರ. ಹರಕ ಅಂಗಿ ಪ್ಯಾಂಟಿಗೆ ಹುಲ್ಲು ತುಂಬಿ, ಬೂಟು ಹಾಕಿ, ರಸ್ತೆ ಬಾಜು ಕುರ್ಚಿ ಮ್ಯಾಲ ಕುಂಡ್ರಿಸಿ ರಾತ್ರಿ ಹನ್ನೆರಡಕ್ಕ ಸುಡತಾರ. ತಿರುವಿಗೊಂದು ಬೂದಿ ಗುಂಪಿ, ಗುಂಪಿ ನಡುವ ಅರ್ಧಾ ಸುಟ್ಟ ಬೂಟು. ಮಂಜಿನ್ಯಾಗ ಹೊಗಿ ಏಳಾಕತ್ತಿತ್ತು. ಹಿಂದೊಂದು ಹೆಣ, ಬಾಜು ಬೂದಿ, ಮುಂದ ಮಂಜು. ಹುಲಿಗೆವ್ವಾ, ಎಲ್ಲಿ ಬಂದು ಸಿಕ್ಕೊಂಡ್ನೆವ್ವಾ ಅಂತ ಸೆರಗು ಬಿಗಿ ಹಿಡಕೊಂಡೆ.

ಫೋಂಡಾ ದಾಟಿದ ಮ್ಯಾಲ ಪೊಲೀಸ್ ನಾಕಾ ಬಂತು. ರಾತ್ರಿ ಕುಡದು ಮುಂಜಾನೆ ಗಾಡಿ ಹೊಡಕೊಂಡು ಬರಾವರನ್ನ ಹಿಡಿಯಾಕ ರಸ್ತೆಗೆ ಕಬ್ಬಣದ ಅಡ್ಡ ಇಟ್ಟಿದ್ರು. ನಾಕಾದ ಬಾಜು ಒಂದು ಮುದುಕನ ಬೊಂಬಿ ಸುಡದ ಉಳದಿತ್ತು, ನೀಲಿ ಅಂಗಿ, ಕುತ್ತಿಗಿ ಎದಿ ಮ್ಯಾಲ ಬಿದ್ದಿತ್ತು. ಒಬ್ಬಾಕಿ ಹೆಣ್ಣು ಪಿಎಸ್‌ಐ, ಇಬ್ಬರು ಪೊಲೀಸರು. ನಮ್ಮ ಮುಂದ ಒಂದು ಬಿಳೀ ಕಾರು, ಅದರಾಗ ಮೂವತ್ತರ ಒಬ್ಬಾಂವ. ಕಣ್ಣು ಕೆಂಪ ಕೆಂಡ, ನಾಲಿಗಿ ಮಾತ್ರ ಕತ್ತರಿ.

"ಊದೂ ಪೈಪ್ ಹೊಸಾದೇನು? ನನ್ನ ಮುಂದ ಪಾಕೀಟು ಒಡೀರಿ. ಮಷಿನ್ ಪರೀಕ್ಷೆ ಮಾಡಿಸಿದ ಕಾಗದ ತೋರಸ್ರಿ. ಚೀಟಿ ಬರಲಿಲ್ಲಂದ್ರ ನಾ ಒಪ್ಪಂಗಿಲ್ಲ. ಡಾಕ್ಟರ್ ಕಡೆ ರಕ್ತ ತೋರಸೂದು ನನ್ನ ಹಕ್ಕು. ಕೀಲಿ ಯಾಕ ಕಸಗೊಂಡ್ರಿ? ರಸೀದಿ ಕೊಡ್ರಿ!"

ಹಿಂದಿಯೊಳಗ ಪಾಠ ಒಪ್ಪಿಸಿದಂಗ ಒಪ್ಪಿಸಿದ. ಗೌಸಸಾಬನ ಮಾರಿ ನೋಡಿದೆ. ತುಟಿ ಅಲಗಾಡಾಕತ್ತಿದ್ವು. ಕಾರಿನಾಂವ ಅನ್ನೂಕಿಂತ ಒಂದು ಮಾತು ಮೊದಲ ಇಂವ ಅದನ್ನ ಅನ್ನಾಕತ್ತಿದ್ದ. "ರಸೀದಿ ಕೊಡ್ರಿ" ಅಂತ ಇಂವ ಪಿಸುಗುಟ್ಟಿದ, ಆಮ್ಯಾಲ ಅಲ್ಲಿ ಅಂವ ಒದರಿದ.

ಹಿಂದ ಗಾಡಿ ಹಾರ್ನ್ ಹಾಕಾಕತ್ತಿದ್ವು. ಪಿಎಸ್‌ಐ ರಾತ್ರಿಯೆಲ್ಲಾ ನಿಂತು ಹೈರಾಣಾಗಿದ್ದಳು, ಪಾಪ. ಹೋಗ್ರಪಾ ಹೋಗ್ರಿ ಅನ್ನಂಗ ಕೀಲಿ ಮುಂದ ಮಾಡಿದಳು. ಆವಾಗ ಗೌಸಸಾಬ ಬಾಗಲಾ ತಗದು ಜಿಗದ.

"ಮೇಡಮ್, ಕೈ ಮುಗೀತೇನಿ. ಇಂವ ಅನ್ನೂದು ಒಂದೂ ಸುಳ್ಳಲ್ಲ. ಎಲ್ಲಾ ಅವನ ಹಕ್ಕ. ಹೊಸಾ ಪೈಪು ಕೊಡ್ರಿ. ಬಾಯಿ ತೊಳಸಿ ಹದಿನೈದು ನಿಮಿಷ ಕುಂಡ್ರಸ್ರಿ. ಚೀಟಿ ಕೊಡ್ರಿ. ಡಾಕ್ಟರ್ ಕಡೆ ಒಯ್ರಿ. ಒಂದೂ ಕಡಿಮಿ ಮಾಡಬ್ಯಾಡ್ರಿ. ಆದ್ರ ಕೀಲಿ ಕೊಡಬ್ಯಾಡ್ರಿ ಮೇಡಮ್, ಕೀಲಿ ಕೊಡಬ್ಯಾಡ್ರಿ."

ಕೊಂಕಣಿಯೊಳಗ ಅಂದ, ನನಗ ತಿಳೀತು. ಕಾರಿನಾಂವ, "ನೀ ಯಾವಾಂವಲೇ?" ಅಂತ ಮ್ಯಾಲ ಬಂದ. ಗೌಸಸಾಬ ಅವನ ಎರಡೂ ಕೈ ಹಿಡಕೊಂಡು, "ತಮ್ಮಾ, ಆ ಮಾತು ಕಲಿಸಿದಾಂವ ನಾನ" ಅಂದ. ಅಂವಗ ಏನು ಅರ್ಥ ಆತೋ, ಕೈ ಕೊಡವಿಕೊಂಡು ಬೊಂಬಿ ಬಾಜು ಹೋಗಿ ಕುಂತ. ಪಿಎಸ್‌ಐ ಕೀಲಿ ಕಿಸೇದಾಗ ಹಾಕಿಕೊಂಡು ಗಡಿಯಾರ ನೋಡಿದಳು.

ಆಮ್ಯಾಲ ಗೌಸಸಾಬ ತಾನ ಮುಂದ ಹೋಗಿ, "ನನ್ನೂ ಊದಸ್ರಿ" ಅಂದ. ಪೊಲೀಸ ನಕ್ಕ, ಹೆಣದ ಗಾಡಿ, ಹೋಗು ಮಾರಾಯಾ ಅಂದ. ಇಂವ ಕೇಳಲಿಲ್ಲ. ಊದಿದ. ಸೊನ್ನಿ ಬಂತು. ಚೀಟಿ ಇಸಗೊಂಡು ಕಣ್ಣಿಗೆ ಒತ್ತಿಕೊಂಡು ಕಿಸೇದಾಗ ಇಟ್ಟ. ಆ ಕಿಸೇದಾಗ ಅಂಥಾ ಚೀಟಿ ಇನ್ನೂ ಹತ್ತು ಇದ್ವು, ವರ್ಷಕ್ಕೊಂದು.

ಪಿಎಸ್‌ಐ ಪುಸ್ತಕ ತಗದು, "ಗಾಡಿಯಾಗ ಎಷ್ಟು ಮಂದಿ?" ಅಂತ ಕೇಳಿದಳು.

"ಈಗ ಮೂರು ಮಂದಿ, ಮೇಡಮ್. ಮುಂದಿನ ತಿರುವಿನ್ಯಾಗ ಒಬ್ಬ ಹತ್ತಾಂವ ಅದಾನ."

ಬರೀತಿದ್ದ ಪೆನ್ನು ನಿಂತು ಆಕಿ ನನ್ನ ಮಾರಿ ನೋಡಿದಳು. ಯಾರು ಹತ್ತಾಂವ? ದಾರಿಯಾಗ ಇನ್ನೊಬ್ಬನ್ನ ಹತ್ತಿಸಿಕೊಳ್ಳೂದು ನನಗ ಹೇಳಿದ್ದಿಲ್ಲ. ಗಾಡಿ ಹೊಂಟ ಮ್ಯಾಲ ಕೇಳಿದ್ರ ಅಂವ ರಸ್ತೆ ಬಾಜು ನೋಡಕೊಂತ ಗಾಡಿ ಹೊಡದ. ಎರಡು ಕಿಲೋಮೀಟರ್ ಹೋಗಿರಬೇಕು, ಎಡಕ್ಕ ಗೇರು ಗಿಡ, ಬಲಕ್ಕ ಒಂದು ಸಣ್ಣ ಮೋರಿ, ಅಲ್ಲಿ ರಸ್ತೆ ತಿರುಗತಿತ್ತು. ಗಾಡಿ ನಿಂದರಿಸಿದ.

ಕನ್ನಡಿಗೆ ಕಟ್ಟಿದ್ದ ಬಟ್ಟಿ ಬಿಚ್ಚಿದ. ಒಂದು ದೊಡ್ಡ ಬಾಟಲಿ ನೀರು ತಗೊಂಡು ಇಳದ. ಮೋರಿ ಬಾಜು ಉಕ್ಕಡ ಕುಂತು ಬಾಟಲಿ ಖಾಲಿ ಆಗೂತನಕ ಮಣ್ಣಿಗೆ ನೀರು ಸುರುವಿದ, ಮಕ್ಕಳಿಗೆ ಕುಡಸಿದಂಗ ನಿಧಾನ. ಎದ್ದು ಬಂದು ಹಿಂದಿನ ಬಾಗಲಾ ತಗದ. "ಹತ್ತಪಾ ತಮ್ಮಾ, ತಲಿ ಬಡದೀತು, ಬಗ್ಗು" ಅಂದ. ಒಬ್ಬ ಮನಶಾ ಹತ್ತಿ ಕುಂಡ್ರಾಕ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತ. ಬಾಗಲಾ ಹಾಕಿದ. ಹಿಡಿಕಿಗೆ ಆ ಬಟ್ಟಿ ಕಟ್ಟಿದ.

ಖರೇ ಹೇಳತೇನಿ, ನನ್ನ ತಾಯಿ ಆಣಿ, ಭಾರ ಬಿದ್ದು ಗಾಡಿ ಹಿಂದ ಕೆಳಗ ಕುಂತಂಗಾತು.

ಓಡಬೇಕಂದ್ರ ಎಲ್ಲಿ ಓಡಲಿ, ಭೀಮಶಿ ಕಾಕಾನ್ನ ಬಿಟ್ಟು? ಗಾಡಿ ಘಾಟ್ ಹತ್ತಾಕ ಸುರು ಮಾಡಿತು. ತಿರುವು ತಿರುವಿಗೆ ಹಿಂದ ತಗಡಿಗೆ ಟಕ್, ಟಕ್ ಅಂತಿತ್ತು. ಬರ್ಫದ ಗಡ್ಡಿ ಸರದಾಡಾಕತ್ತಾವು ಅಂತ ನನಗ ನಾನ ಹೇಳಕೊಂಡೆ. ಆದ್ರ ಎಳ್ಳು ಹುರದ ವಾಸನಿ ಯಾಕ ಬರಾಕತ್ತೈತಿ? ಮೊನ್ನೆ ಅಮಾಸಿಗೆ ನಾನೂ ಎಳ್ಳು ಹುರದಿದ್ದೆ, ಸೀರಿಗೆ ಹತ್ತಿರಬೇಕು ಅಂತ ಸೆರಗು ಮೂಸಿದೆ. ಸೀರಿ ಸಾಬಾಣದ ವಾಸನಿ ಹೊಡೀತಿತ್ತು.

ಘಾಟ್ ದಾಟಿ ನಮ್ಮ ಸೀಮಿಯೊಳಗ ಬಂದ ಮ್ಯಾಲ ಒಂದು ಚಾದ ಅಂಗಡಿ. ಅಲ್ಲಿ ಬಿಸಲು ಬಿದ್ದಿತ್ತು, ಕೋಳಿ ಕೆದರತಿದ್ವು, ನನಗ ಜೀವ ಬಂದಂಗಾತು. ಗೌಸಸಾಬ ಮೂರು ಚಾ, ಒಂದು ಗ್ಲಾಸ್ ನೀರು ಹೇಳಿದ. ಒಂದು ಚಾ, ಆ ನೀರು ಒಯ್ದು ಗಾಡಿ ಹಿಂದಿನ ಮೆಟ್ಟಲ ಮ್ಯಾಲ ಇಟ್ಟು ಬಂದ. ನಾವು ಕುಡದು ಎದ್ದು ಹೋದ್ರ, ಚಾ ಕೆನಿಗಟ್ಟಿ ಹಂಗ ಇತ್ತು. ನೀರಿನ ಗ್ಲಾಸ್ ಖಾಲಿ. ನಾಯಿ ಕುಡದಿರಬೇಕು ಅಂದೆ. ನಾಯಿ ಗ್ಲಾಸು ನೆಟ್ಟಗ ಇಟ್ಟು ಹೋಗತೈತೇನ್ರಿ?

ಆವಾಗ ನನ್ನ ಸಿಟ್ಟು ಅಂಜಿಕಿಗಿಂತ ಮುಂದ ಬಂತು. "ಏ ಗೌಸಣ್ಣ, ಸಾಕು ನಿಮ್ಮ ಆಟ! ಹಿಂದ ಯಾರದಾರ ಹೇಳ್ರಿ. ಹೇಳಲಿಲ್ಲಂದ್ರ ಕಾಕಾನ್ನ ಇಲ್ಲೇ ಇಳಿಸಿ ಬ್ಯಾರೆ ಗಾಡಿ ಕರಸತೇನಿ" ಅಂತ ಒದರಿದೆ. ಅಂಗಡಿ ಬಾಂಕಿನ ಮ್ಯಾಲ ಅಂವ ಕುಂತ. ನೆಲಾ ನೋಡಕೊಂತ ಹೇಳಿದ.

ಅಂವ ಮೊದಲ ಪ್ರವಾಸಿಗರ ಮಿನಿಬಸ್ ಹೊಡೀತಿದ್ದ. ಒಬ್ಬ ವಕೀಲ ಗಿರಾಕಿ ಕಡೆ ಕೇಳಿ ಕೇಳಿ ಗಾಡಿ ಕಾಯಿದೆ ಬಾಯಿಪಾಠ ಮಾಡಿದ್ದ. ಒಂದು ರಟ್ಟಿನ ಮ್ಯಾಲ ಬರದು ಸ್ಟೇರಿಂಗ್ ಮುಂದ ಇಟ್ಟಿದ್ದ. ಸ್ಟ್ಯಾಂಡಿನ ಡ್ರೈವರಿಗೆಲ್ಲಾ ಕಲಸತಿದ್ದ: ಹಬ್ಬದ ನಾಕಾದಾಗ ಅಂಜಬ್ಯಾಡ್ರಿ, ಊದೂದಕ್ಕ ಒಲ್ಲೆ ಅನಬ್ಯಾಡ್ರಿ, ಹೊಸಾ ಪೈಪು ಕೇಳ್ರಿ, ಚೀಟಿ ಕೇಳ್ರಿ, ತಪ್ಪು ಬಂದ್ರ ಡಾಕ್ಟರ್ ಕಡೆ ನಡೀರಿ ಅನ್ರಿ. ಎಷ್ಟೋ ಬಡವರು ಅದರಿಂದ ಉಳದ್ರು, ಅದೂ ಖರೇ. ಮಂದಿ 'ಖಾನೂನ್ ಗೌಸ್' ಅಂತ ಕರೀತಿದ್ರು. ಹೆಸರಿನ ಸೊಕ್ಕು ತಲಿಗೇರಿತ್ತು ಅಂದ.

"ಆ ವರ್ಷ ಜನೇವರಿ ಒಂದು. ರಾತ್ರಿಯೆಲ್ಲಾ ಗಿರಾಕಿ ಜೋಡಿ ಕುಡದಿದ್ದೆ ಅಕ್ಕಾ. ನಸಿಕಿನ್ಯಾಗ ಖಾಲಿ ಬಸ್ ಹೊಡಕೊಂಡು ಬಂದೆ. ಅದ ನಾಕಾ, ಅದ ಜಾಗಾ. ಅವರು ಊದು ಅಂದ್ರು. ನಾ ಪಾಠ ಸುರು ಮಾಡಿದೆ. ಪೈಪಿನ ಪಾಕೀಟು ಒಡದಿತ್ತು, ಚೀಟಿ ಬರೂ ಕಾಗದ ಮುಗದಿತ್ತು. ನನ್ನ ಮಾತು ಒಂದೂ ತಪ್ಪಿರಲಿಲ್ಲ. ಹಿಂದ ಗಾಡಿ ಸಾಲು ನಿಂತಿತ್ತು, ಸಾಕಾಗಿ ಬಿಟ್ಟರು. ನಾ ಗೆದ್ದೆ. ನಕ್ಕೊಂತ ಹೊಂಟೆ. ಎರಡು ಕಿಲೋಮೀಟರ್ ಮುಂದ, ಮೋರಿ ಕಡೆ..."

ಅಂವ ಕಿಸೇದಾಗಿನ ಚೀಟಿ ಮ್ಯಾಲ ಕೈ ಇಟ್ಟ.

"ಒಬ್ಬಾಂವ ನಡಕೊಂತ ಹೊಂಟಿದ್ದ. ಇಳದು ನೋಡಿದೆ. ರಸ್ತೆ ತುಂಬ ಸಜ್ಜಿ ಕಡಬು ಬಿದ್ದಿದ್ವು ಅಕ್ಕಾ, ಎಳ್ಳು ಹಚ್ಚಿದ ರೊಟ್ಟಿ. ನಾನೂ ಬಿಜಾಪುರದ ಇಂಡಿ ಕಡಿಯಾಂವ, ಎಳ್ಳ ಅಮಾಸಿ ನನಗ ಗೊತ್ತಿಲ್ಲೇನು? ಚರಗ ಚೆಲ್ಲಾಕ ಹೊಂಟಾಂವ, ನಮ್ಮ ಸೀಮಿ ಮನಶಾ ಅಂತ ತಿಳೀತು. ಹಂಗ ಬಿಟ್ಟು ಓಡಿದ್ನಿ. ಗಾಡಿ ತೊಳಿಯಾಕ ಹೋದಾಗ ಬಂಪರಿಗೆ ಈ ಬಟ್ಟಿ ಸಿಕ್ಕೊಂಡಿತ್ತು. ವಾರಾತನಕ ಹೆಣ ಇಟ್ಟು, ಯಾರೂ ಬರಲಿಲ್ಲ ಅಂತ ಮಣ್ಣು ಮಾಡಿದ್ರಂತ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಬಸ್ ಮಾರಿ ಈ ಗಾಡಿ ತಗೊಂಡೆ. ಹೆಣ ಒಯ್ಯೋ ನೆವದಾಗ ನಮ್ಮ ಕಡೆ ಊರೂರಿಗೆ ಹೋಗತೇನಿ. ಪ್ರತಿ ಸಲಾ ಅವನ್ನ ಹತ್ತಿಸಿಕೊಂಡು ಹೋಗತೇನಿ. ಹೋದಲ್ಲೆಲ್ಲಾ ಕೇಳತೇನಿ, ನಿಮ್ಮೂರಾಂವ ಯಾರರ ಗೋವಾಕ್ಕ ಹೋಗಿ ಬರದ ಉಳದಾರೇನ್ರಿ ಅಂತ. ಎಲ್ಲೂ ಇಳಿಯವಲ್ಲ ಅಕ್ಕಾ. ಹೊಳ್ಳಿ ಬರೂ ಮುಂದನೂ ಹಿಂದ ಬಡಕೊಂತ ಬರತಾನ."

ನಾ ಎದ್ದೆ. ಗಾಡಿ ಹಿಂದ ಹೋಗಿ ಹಿಡಿಕಿಗೆ ಕಟ್ಟಿದ ಬಟ್ಟಿ ಬಿಚ್ಚಿ ಬಿಸಲಿಗೆ ಹಿಡದೆ. ಮಾಸಿದ ಕಂದಿನ ಒಳಗ, ಗಂಟಿನ ಮಡಚಿನ್ಯಾಗ, ಒಂದಿಷ್ಟು ಕೆಂಪು ಉಳದಿತ್ತು. ಅದರ ಬಾಜು ಹಳದಿ ದಾರ. ಒಂದು ಉದ್ದ, ಒಂದು ಗಿಡ್ಡ, ಮತ್ತ ಒಂದು ಉದ್ದ. ನಮ್ಮವ್ವ ಕಲಿಸಿದ ಕೌದಿ ಹೊಲಿಗಿ. ತನ್ನ ಕೈ ಹೊಲಿಗಿ ಯಾಕಿಗೆ ಗುರುತು ಸಿಗಂಗಿಲ್ಲ ಹೇಳ್ರಿ?

ಅಳು ಬರಲಿಲ್ಲ. ಹನ್ನೊಂದು ವರ್ಷದ್ದು ಒಮ್ಮಿಗೇ ಹೆಂಗ ಬರತೈತಿ? ತಿರುಗಿ ಬಂದು ಅವನ ಕಪಾಳಕ್ಕ ಹೊಡದೆ. ಎಷ್ಟು ಹೊಡದೆ ಗೊತ್ತಿಲ್ಲ. ಚಾದಂಗಡಿಯಾಂವ ಬಿಡಸಾಕ ಬಂದ. ಗೌಸಸಾಬ ಒಂದೂ ಕೈ ಅಡ್ಡ ಹಿಡೀಲಿಲ್ಲ.

"ಕಂಠೆಪ್ಪ" ಅಂದೆ. "ಅವನ ಹೆಸರು ಕಂಠೆಪ್ಪ. ನನ್ನ ತಮ್ಮ. ಆ ಕಡಬು ನಾ ಮಾಡಿದ್ದು."

ಅಂವ ಒಂದು ಸಲ "ಕಂಠೆಪ್ಪ" ಅಂದ, ಕೂಸು ಮೊದಲ ಮಾತು ಅಂದಂಗ. ಮುಂದ ಬಾಯಿ ಮುಚ್ಚಿಕೊಂಡು ಹೋ ಅಂತ ಅತ್ತ. ಅಲ್ಲಿಂದ ಊರಿನತನಕ ತಗಡು ಟಕ್ ಅನ್ನಲಿಲ್ಲ.

ನೀವು ಕೇಳತೀರಿ, ಅವನ ಗಾಡಿಯೊಳಗ ಮತ್ತ ಹೆಂಗ ಕುಂತಿ ಅಂತ. ಹಿಂದ ನನ್ನ ತಮ್ಮ ಕುಂತಿದ್ದ, ಅದಕ್ಕ ಕುಂತೆ. ನಾಕು ತಾಸು ಒಂದು ಮಾತಿಲ್ಲ. ಹಳ್ಳ ಬಂದಲ್ಲಿ, ಸೀಮಿ ಬಂದಲ್ಲಿ ಮಾತ್ರ ಅಂವ ಹೇಳತಿದ್ದ. ಮೊದಲ ಭೀಮಶಿ ಕಾಕಾಗ ಹೇಳಿ, ಆಮ್ಯಾಲ "ಕಂಠೆಪ್ಪಾ, ಮಲಪ್ರಭಾ ಬಂತಪಾ" ಅಂದ.

ಕೇಸಿನ ಮಾತು ಇಲ್ಲೇ ಹೇಳಿ ಮುಗಸತೇನಿ, ಅದು ಆದದ್ದು ಆಮ್ಯಾಲ. ಊರಿಂದ ಹೊಳ್ಳಿ ಬಂದು ಅಂವ ತಾನ ಪೊಲೀಸರ ಮುಂದ ಹೋಗಿ ನಿಂತ. ನಾನೂ ಹೋಗಿದ್ದೆ. ವಕೀಲ ಬ್ಯಾಡ, ಏನೂ ಬ್ಯಾಡ, ಒಳಗ ಹಾಕ್ರಿ ಅಂದ. ನನಗ ಮೈ ಉರೀತು. "ಏ, ನಾಟಕ ಮಾಡಬ್ಯಾಡ! ವಕೀಲನ್ನ ಹಿಡಿ. ನಿನ್ನ ಹಕ್ಕೆಲ್ಲಾ ನಿನಗ ಸಿಗಲಿ, ಒಂದೂ ಕಡಿಮಿ ಆಗಬಾರದು. ನಿನ್ನ ಬಿಡೂದು ಮಾತ್ರ ಇಲ್ಲ" ಅಂದೆ. ಹಳೇ ಕಾಗದ ಹುಡುಕಾಕತ್ತಾರ. ಜಾಮೀನಿನ ಮ್ಯಾಲ ಅದಾನ, ತಾರೀಖು ಇದ್ದಾಗ ಇಬ್ಬರೂ ಹೋಗತೇವಿ. ಅವನ ಹೇಣ್ತಿ ಜುಲೇಖಾ ಒಮ್ಮೆ ಕೋರ್ಟಿನ ಕಟ್ಟಿ ಮ್ಯಾಲ ನನ್ನ ಬಾಜು ಬಂದು ಕುಂತು, "ಹನ್ನೊಂದು ವರ್ಷ ದೀಪ ಆರಿಸಿ ಮಲಗಿದ್ದಿಲ್ಲ ಅಕ್ಕಾ, ಈಗ ಮಲಗತಾರ" ಅಂದಳು. ಅಂವ ಮಲಗಿದ್ರ ನನಗೇನು?

ಊರು ಮುಟ್ಟಿದಾಗ ಮಧ್ಯಾಹ್ನ ಮೂರು. ಭೀಮಶಿ ಕಾಕಾನ್ನ ಮಕ್ಕಳು ಇಳಿಸಿಕೊಂಡ್ರು, ಹಲಗಿ ಬಾರಿಸಿಕೊಂತ ಒಯ್ದರು. ಮಂದಿ ಎಲ್ಲಾ ಅತ್ತ ಹೋತು. ನಾನು ಗಾಡಿಯನ್ನ ನಮ್ಮ ಓಣಿಗೆ ತರಿಸಿದೆ, ಕಂಠೆಪ್ಪನ ಮನಿ ಮುಂದ. ಹಿಂದಿನ ಬಾಗಲಾ ನಾನ ತಗದೆ. ಒಳಗ ಬರ್ಫ ಕರಗಿದ ನೀರು, ಮತ್ತೇನಿಲ್ಲ.

"ಕಂಠೆಪ್ಪಾ, ಇಳಿಯೋ. ಊರು ಬಂತು" ಅಂದೆ. ಆವಾಗ ನನಗ ಅಳು ಬಂತು. "ಇನ್ನೊಂದೀಟು ಮಲಕೋ ಅನ್ನಬೇಕಾಗಿತ್ತಲ್ಲೋ ನಾನು, ನನ್ನ ಕೈ ಸೇದಿ ಹೋಗಲಿ" ಅಂತ ತಗಡಿಗೆ ಹಣಿ ಬಡಕೊಂಡು ಅತ್ತೆ.

ಗೀತಾಂಜಲಿ ಹೊಸ್ತಿಲದಾಗ ಬಂದು ನಿಂತಳು. ಕೈಯಾಗ ನೀರಿನ ತಂಬಿಗಿ. ಯಾರ ಬಂದ್ರಕ್ಕಾ ಅಂತ ಕೇಳಾಕ ಬಾಯಿ ತಗದಾಕಿ, ನನ್ನ ಕೈಯಾಗಿನ ಬಟ್ಟಿ ನೋಡಿದಳು, ನನ್ನ ಮಾರಿ ನೋಡಿದಳು. ಎಲ್ಲಾ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ಆಕಿ ಅಳಲಿಲ್ಲ, ಒದರಲಿಲ್ಲ. ಗಾಡಿ ಬಾಜು ಮಣ್ಣಾಗ ಕುಂತಿದ್ದ ಗೌಸಸಾಬನ ಮುಂದ ಹೋಗಿ ನಿಂತಳು.

"ಅಣ್ಣಾರ, ಅವರು ಏನರ ಅಂದ್ರೇನು?" ಅಂತ ಕೇಳಿದಳು.

ಅದೊಂದು ಮಾತು ಅಂವ ನನಗೂ ಹೇಳಿದ್ದಿಲ್ಲ.

"ನೀರು ಕೇಳಿದ ತಾಯಿ" ಅಂದ. "ಬಸ್ಸಿನ್ಯಾಗ ಬಾಟಲಿ ಇತ್ತು. ನಾ ಕೊಡಲಿಲ್ಲ. ಓಡಿದ್ನಿ."

ಗೀತಾಂಜಲಿ ತಂಬಿಗಿ ಎರಡೂ ಕೈಲೆ ಹಿಡಕೊಂಡು ಗಾಡಿಯ ಹಿಂದಿನ ಮೆಟ್ಟಲಕ್ಕ ಬಂದಳು. "ಕುಡೀರಿ" ಅಂತ ಗಂಡಗ ಹೇಳಿ ನಿಧಾನ ಸುರುವಿದಳು. ಒಣಾ ನೆಲಾ, ಸುರುವಿದಷ್ಟೂ ಹೀರಿಕೊಂಡು ಹೋತು, ಒಂದು ಹನಿ ಹರದು ಹೋಗಲಿಲ್ಲ. ತಂಬಿಗಿ ಬರಿದಾತು. ಆಕಿ ಒಂದು ಗಳಿಗಿ ನೆಲಾ ನೋಡಿದಳು, ಬಳಿ ಕೈಯಿಂದ ಕಣ್ಣು ಒರಸಿಕೊಂಡಳು, ಇನ್ನೊಂದು ತಂಬಿಗಿ ತರಾಕ ಒಳಗ ಹೋದಳು.